ಸೀಟಕ್ಕನೂ ಸೋರುವ ಸನ್‌ರೂಫೂ

ಕಾರಿನ ಸೀಟು ಹೊಲಿಯುವುದು ಹೊರಗಿನವರ ಕಣ್ಣಿಗೆ ಬಲು ನಾಜೂಕಿನ ಕೆಲಸ. ಮಾಡುವವರಿಗೆ ಗೊತ್ತು, ಅದರಲ್ಲಿ ಅರ್ಧ ದರ್ಜಿ ಕೆಲಸ, ಇನ್ನರ್ಧ ಚರಂಡಿ ಕೆಲಸ. ಜನ ಕಾರಿನ ಹೊರಮೈಯನ್ನು ಮುಖ ಕಾಣುವ ಹಾಗೆ ಉಜ್ಜುತ್ತಾರೆ. ಒಳಗೆ ಸೀಟಿನ ಸಂದಿಯಲ್ಲಿ ಏನೇನು ತುರುಕಿ ಮರೆತಿದ್ದಾರೆ ಅಂತ ಸೀಟಕ್ಕನನ್ನು ಕೇಳಬೇಕು. ಇಪ್ಪತ್ತಾರು ವರ್ಷದಲ್ಲಿ ಅವಳ ಕೈಗೆ ಸಿಗದ ಗಲೀಜಿಲ್ಲ. ಅಗಿದು ಅಂಟಿಸಿದ ಗಮ್ಮು, ಕತ್ತರಿಸಿದ ಉಗುರು, ಮಗು ಕಕ್ಕಿದ ಹಾಲು ಒಣಗಿ ಹೆಕ್ಕಳೆಯಾದದ್ದು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಇನ್ನೊಮ್ಮೆ ಫೋಮಿನೊಳಗೆ ಗೂಡು ಕಟ್ಟಿ ಸತ್ತ ಇಲಿ, ಜೊತೆಗೆ ಅದರ ಐದು ಮರಿ. ಸೀಟಕ್ಕ ಎರಡು ಬೆರಳಲ್ಲಿ ಎತ್ತಿ ಬಕೆಟ್ಟಿಗೆ ಹಾಕಿ, "ಮನುಷ್ಯರು ಅಂದ್ಮೇಲೆ ಇದ್ದದ್ದೇ" ಎಂದು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವಳ ಹೊಟ್ಟೆ ತೊಳಸಿದ್ದು ಒಂದೇ ಒಂದು ಕಾರಿಗೆ.

ಹುಟ್ಟಿದಾಗ ಇಟ್ಟ ಹೆಸರು ಬ್ಯಾಂಕಿನ ಪುಸ್ತಕದಲ್ಲಷ್ಟೇ ಉಳಿದಿತ್ತು. ಬೀದಿಗೆಲ್ಲ ಅವಳು ಸೀಟಕ್ಕ. ಅಪ್ಪ ಬಸ್ಸುಗಳಿಗೆ ಸೀಟು ಹೊಲಿಯುತ್ತಿದ್ದವರು. ಸೂಜಿ ಹಿಡಿಯುವುದನ್ನು ಅವರಿಂದ ಕಲಿತಿದ್ದಳು. ಗಂಡ ಬಸ್ಸು ಓಡಿಸುತ್ತಿದ್ದ. ಸೊಂಟ ಕೈಕೊಟ್ಟ ಮೇಲೆ ಮನೆಯಲ್ಲೇ ಇದ್ದು ಅಡುಗೆ ನೋಡಿಕೊಳ್ಳುತ್ತಿದ್ದ. ಕಾರು ತೊಳೆಯುವ ಜಾಗದ ಹಿಂದೆ ತಗಡಿನ ಒಂದು ಶೆಡ್ಡು, ಅದರಲ್ಲಿ ದಪ್ಪ ಸೂಜಿಯ ಹೊಲಿಗೆ ಮೆಷಿನ್ನು, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಒಂದು ಕಾರು ನಿಲ್ಲುವಷ್ಟು ಜಾಗ. ಅಷ್ಟೇ ಅವಳ ಸಾಮ್ರಾಜ್ಯ.

ಆ ಸಾಮ್ರಾಜ್ಯಕ್ಕೆ ಅರ್ಧ ಕೆಲಸ ತಂದುಕೊಡುತ್ತಿದ್ದವನು ಅವಳ ತಮ್ಮ. ಹಳೇ ಕಾರು ಕೊಂಡು ಮಾರುವುದು ಅವನ ದಂಧೆ. ಬಿಳೀ ಬೂಟು, ಎಣ್ಣೆ ಹಚ್ಚಿದಂಥ ಮಾತು. ಅವನ ಕೈಗೆ ಬಂದ ಕಾರೆಲ್ಲ ಯಾರೋ ಡಾಕ್ಟರು ವಾರಕ್ಕೊಂದು ಸಲ ಓಡಿಸಿದ್ದೇ. ಸೀಟಕ್ಕ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು, ಹಾಗಾಗಿ ಅವನ ಬುರುಡೆಯನ್ನು ನಗುತ್ತ ಕೇಳುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. "ಅಕ್ಕ, ಇದಕ್ಕೆ ಸ್ವಲ್ಪ ಮುಖ ತೊಳ್ದು ಕೊಡು" ಅಂತ ಅವನು ಕಾರು ಬಿಟ್ಟು ಹೋಗುತ್ತಿದ್ದ. ಸೀಟು ಹರಿದಿದ್ದರೆ ಹೊಲಿಯುತ್ತಿದ್ದಳು, ಛಾವಣಿಯ ಒಳಬಟ್ಟೆ ಕಲೆಯಾಗಿದ್ದರೆ ಕಿತ್ತು ಹೊಸದು ಹಾಕುತ್ತಿದ್ದಳು. ಕಲೆ ಯಾಕಾಯಿತು ಅಂತ ಕೇಳಿದವಳಲ್ಲ. ಅದು ಮೆಕ್ಯಾನಿಕ್ಕಿನ ತಲೆನೋವು, ನನ್ನದು ಬಟ್ಟೆ ಅಂದುಕೊಂಡಿದ್ದಳು.

ಒಂದು ವಾರ ಬಿಡದೆ ಮಳೆ ಸುರಿದು ಬಿಸಿಲು ಬಿದ್ದ ಮಧ್ಯಾಹ್ನ, ನೀಲಿ ಕಾರೊಂದು ಶೆಡ್ಡಿನ ಮುಂದೆ ಬಂದು ನಿಂತಿತು. ಇಳಿದವಳು ನಲವತ್ತರ ಆಸುಪಾಸಿನ ನರ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರುವುದು ಅವಳ ಕೆಲಸ. ನಾಲ್ಕು ಕಿಟಕಿಯೂ ಪೂರ್ತಿ ಇಳಿದಿದ್ದವು. ಕಾಲಲ್ಲಿ ಪ್ಲಾಸ್ಟಿಕ್ ಚಪ್ಪಲಿ. ಷೂಸು ಪಕ್ಕದ ಸೀಟಿನ ಮೇಲೆ ಕವರಿನಲ್ಲಿ.

"ಅಕ್ಕ, ಕಾರ್ಪೆಟ್ಟು ಒದ್ದೆಯಾಗಿದೆ. ಬ್ರೇಕ್ ಹಾಕಿದ್ರೆ ಕಾಲ ಕೆಳಗೆ ಪಚಪಚ ಅನ್ನುತ್ತೆ. ಮೇಲಿನ ಗಾಜಿಂದ ನೀರು ಬರುತ್ತೆ ಅಂತ ಕಾಣುತ್ತೆ."

"ಎಷ್ಟು ದಿನದಿಂದ ಸಿಸ್ಟರ್?"

"ತಗೊಂಡು ಆರು ತಿಂಗಳಾಯ್ತು. ಮೊದಲನೇ ಮಳೆಗೇ ಶುರುವಾಯ್ತು. ವಾಸನೆ ಮಾತ್ರ ಅದಕ್ಕೂ ಮುಂಚೆ ಇತ್ತು." ಅವಳು ಸ್ವಲ್ಪ ತಡೆದು ಹೇಳಿದಳು, "ಅದು ನನ್ನದೇ ಅಂದ್ಕೊಂಡಿದ್ದೆ."

"ನಿಮ್ಮದು ಅಂದ್ರೆ?"

"ಹುಣ್ಣು, ಕೀವು, ಮೂತ್ರದ ಚೀಲ, ದಿನವಿಡೀ ಅದರಲ್ಲೇ ಇರ್ತೀನಲ್ಲ. ಮೈಗೆ ಅಂಟಿದೆ ಅಂದ್ಕೊಂಡೆ. ಯೂನಿಫಾರ್ಮ್ ಎರಡೆರಡು ಸಲ ಒಗೆದೆ, ಕೂದಲು ಕತ್ತರಿಸಿಕೊಂಡೆ. ಹೋದ ವಾರ ಒಬ್ಬ ಅಜ್ಜ, ಮಾತೇ ಆಡದವರು, ನಾನು ಬಗ್ಗಿದ ತಕ್ಷಣ ಗೋಡೆ ಕಡೆ ಮುಖ ತಿರುಗಿಸಿದ್ರು. ಸೊಸೆ ಬಂದು, ಬೇರೆ ಸಿಸ್ಟರ್ ಕಳಿಸ್ತೀರಾ ಅಂದಳು."

ಸೀಟಕ್ಕ ಬಾಗಿಲು ತೆಗೆದು ತಲೆ ಒಳಗೆ ಹಾಕಿದಳು. ಹಾಕಿದಷ್ಟೇ ಬೇಗ ಹೊರಗೆ ತೆಗೆದಳು. ನಿಂಬೆಯ ಸೆಂಟು ಢಾಳಾಗಿ ಹೊಡೆಯಿತು. ಅದರ ಅಡಿಯಲ್ಲಿ ಒದ್ದೆ ನಾಯಿ, ಹುಳಿತ ಹಿಟ್ಟು, ಮುಚ್ಚಿಟ್ಟ ಹೂದಾನಿಯ ಕೊಳೆತ ನೀರು, ಎಲ್ಲ ಒಟ್ಟಿಗೆ. "ಥೂ!" ಅನ್ನುವುದು ಬಾಯಿಗೆ ಬಂದದ್ದನ್ನು ಗಿರಾಕಿಯ ಮುಖ ನೋಡಿ ನುಂಗಿದಳು.

"ನೀವಲ್ಲ ಸಿಸ್ಟರ್, ಕಾರು," ಅಂದಳು. "ನೀವು ಶುದ್ಧವಾಗೇ ಇದ್ದೀರಿ. ನಾಳೆ ಸಂಜೆ ಬನ್ನಿ."

ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೀಟುಗಳನ್ನು ಬಿಚ್ಚಿ ಹೊರಗಿಟ್ಟಳು. ಆಮೇಲೆ ಕಾರ್ಪೆಟ್ಟಿನ ಅಂಚು ಹಿಡಿದು ಎಳೆದಳು. ಅದು ಬಟ್ಟೆಯ ಹಾಗೆ ಏಳಲಿಲ್ಲ; ಹುಣ್ಣಿನ ಹೆಕ್ಕಳೆಯ ಹಾಗೆ ನಿಧಾನಕ್ಕೆ, ಲೊಳಲೊಳ ಸದ್ದು ಮಾಡುತ್ತ ಬಂತು. ಕೆಳಗಿನ ಫೋಮು ನೀರು ಕುಡಿದು ಕೊಬ್ಬಿತ್ತು. ಒತ್ತಿದರೆ ಚಹಾ ಬಣ್ಣದ ನೀರು ಬೆರಳ ಸಂದಿಯಿಂದ ಉಕ್ಕಿತು. ಅದರ ಮೇಲೆಲ್ಲ ಬೂದುಗೂದಲಿನ ಬೂಷ್ಟು, ಕೆಲವು ಕಡೆ ಹಸಿರು, ಚಾಲಕನ ಸೀಟಿನ ಕೆಳಗೆ ಗುಲಾಬಿ ಬಣ್ಣದ ಲೋಳೆ. ಕಾರಿನ ತಳದ ತಗಡಿನ ಗುಂಡಿಯಲ್ಲಿ ನಿಂತ ನೀರಿನೊಳಗೆ ಸಣ್ಣ ಬಿಳೀ ಹುಳುಗಳು ಮೈ ಕುಣಿಸುತ್ತಿದ್ದವು. ಆ ಹೆಂಗಸು ಆರು ತಿಂಗಳು ಇದರ ಮೇಲೆ ಕಾಲಿಟ್ಟು ಓಡಾಡಿದ್ದಾಳೆ. ಕಾರಿನೊಳಗೇ ಬುತ್ತಿ ಬಿಚ್ಚಿ ತಿಂದಿದ್ದಾಳೆ. ಬಾಗಿಲ ಚೀಲದಲ್ಲಿ ಚಮಚ ಇತ್ತು.

ಸೀಟಕ್ಕ ಆದರೂ ತಡೆದುಕೊಂಡಳು. ನೀರು ಎಲ್ಲಿಂದ ಬರುತ್ತಿದೆ ನೋಡೋಣ ಅಂತ ಸ್ಟೂಲು ಹಾಕಿಕೊಂಡು ಮೇಲೆ ಹತ್ತಿದಳು. ಸನ್‌ರೂಫಿನ, ಅಂದರೆ ಛಾವಣಿಯ ಗಾಜಿನ ಕಿಂಡಿಯ, ಸುತ್ತ ಒಂದು ಕಾಲುವೆ ಇರುತ್ತದೆ. ಗಾಜಿನ ಅಂಚಿನಿಂದ ಇಳಿದ ಮಳೆನೀರು ಅದಕ್ಕೆ ಬಿದ್ದು, ನಾಲ್ಕು ಮೂಲೆಯ ನಾಲ್ಕು ತೂತಿನಿಂದ ಸಣ್ಣ ಪೈಪುಗಳಲ್ಲಿ ಕಾರಿನ ಹೊರಗೆ ಹೋಗಬೇಕು. ಈ ಕಾರಿನ ಗಾಜಿನ ಒಂದು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು. ಗಾಜು ಬದಲಾಯಿಸುವ ಬದಲು ಯಾರೋ ಅದಕ್ಕೆ ಸಿಲಿಕೋನ್ ಅಂಟು ಮೆತ್ತಿದ್ದರು. ಮೆತ್ತಿದವರು ಕೈ ತಡೆಯದೆ ಕಾಲುವೆಗೂ ಸುರಿದಿದ್ದರು. ನಾಲ್ಕು ತೂತುಗಳಲ್ಲಿ ಮೂರು, ಮೂಗಿನ ಸಿಂಬಳ ಗಟ್ಟಿಯಾದ ಹಾಗೆ, ಬಿಳಿಚಿಕೊಂಡು ಮುಚ್ಚಿಹೋಗಿದ್ದವು. ಹೊರಗೆ ಹೋಗಬೇಕಾದ ನೀರಿಗೆ ಒಳಗೆ ಬರದೆ ಬೇರೆ ದಾರಿಯೇ ಇರಲಿಲ್ಲ.

"ಯಾವ ಮುಠ್ಠಾಳನಪ್ಪ ಇವನು," ಎಂದು ಗೊಣಗುತ್ತ ಅವಳು ಕಿಂಡಿಯ ಸುತ್ತಲಿನ ಒಳಬಟ್ಟೆಯ ಅಂಚನ್ನು ಬಿಡಿಸಿದಳು. ಬೆರಳು ಅಲ್ಲೇ ನಿಂತಿತು.

ಅಂಚಿನ ಹಿಂಬದಿಯ ಹೊಲಿಗೆ ಒಂದು ಉದ್ದ, ಎರಡು ಗಿಡ್ಡ. ಒಂದು ಉದ್ದ, ಎರಡು ಗಿಡ್ಡ. ಬಟ್ಟೆ ಸಡಿಲವಾಗದಿರಲಿ ಅಂತ ಅಪ್ಪ ಹಾಕುತ್ತಿದ್ದ ಹೊಲಿಗೆ ಅದು. ಈ ಪೇಟೆಯಲ್ಲಿ ಅದನ್ನು ಹಾಕುವ ಇನ್ನೊಂದು ಕೈ ಇಲ್ಲ.

ಆಗ ನೆನಪಾಯಿತು. ಏಳೆಂಟು ತಿಂಗಳ ಕೆಳಗೆ ತಮ್ಮ ತಂದುಬಿಟ್ಟಿದ್ದ ಕಾರು. ಆಗ ಸೀಟಿಗೆಲ್ಲ ಕೆಂಪು ಕವರಿತ್ತು, ಹಾಗಾಗಿ ಗುರುತು ಸಿಕ್ಕಿರಲಿಲ್ಲ. ಛಾವಣಿಯ ಬಟ್ಟೆ ಕಂದು ಕಲೆಯಾಗಿ ಜೋತುಬಿದ್ದಿತ್ತು. ತಾನು ಅದನ್ನು ಕಿತ್ತೆಸೆದು, ಅಂಟು ಇನ್ನೂ ಹಸಿಯಾಗಿದ್ದುದನ್ನು ಕಣ್ಣಾರೆ ನೋಡಿ, ಅದರ ಮೇಲೇ ಹೊಸ ಬಟ್ಟೆ ಎಳೆದು ಹೊಲಿದಿದ್ದಳು. ಕೈಗೆ ತೇವ ಕೂಡ ತಾಗಿತ್ತು. ಸೆರಗಿಗೆ ಒರೆಸಿಕೊಂಡಿದ್ದಳು.

ಸ್ಟೂಲಿನಿಂದ ಇಳಿದು ಚರಂಡಿಯ ಹತ್ತಿರ ಹೋಗುವಷ್ಟರಲ್ಲಿ ಮಧ್ಯಾಹ್ನದ ಊಟವೆಲ್ಲ ಹೊರಗೆ ಬಂತು. ಹುಳುವಿಗಲ್ಲ, ಬೂಷ್ಟಿಗಲ್ಲ, ಆ ಸೆರಗು ನೆನಪಾದದ್ದಕ್ಕೆ.

ಸಂಜೆ ಮನೆ ಬಾಗಿಲಲ್ಲೇ ಗಂಡ ಕೈ ಅಡ್ಡ ಹಿಡಿದ. "ಏನೇ ಇದು, ಹೆಣ ಹೊತ್ತು ಬಂದೆಯಾ? ಮೊದಲು ಸ್ನಾನಕ್ಕೆ ಹೋಗು." ಅವಳು ಮೂರು ಸಲ ಸೋಪು ಹಚ್ಚಿದಳು. ತಟ್ಟೆಯ ಮುಂದೆ ಕೂತಾಗ ಕೈ ಬಾಯಿಯ ಹತ್ತಿರ ಬಂದರೆ ವಾಕರಿಕೆ. ವಿಷಯ ಕೇಳಿದ ಗಂಡ, "ನಿನಗೇನು ಗೊತ್ತಿತ್ತು ಪಾಪ" ಅಂದ. "ಗೊತ್ತಿತ್ತು ಕಣ್ರಿ," ಅಂದಳು ಅವಳು. "ಕೈಗೆ ಗೊತ್ತಿತ್ತು."

ಮರುದಿನ ಬೆಳಿಗ್ಗೆ ತಮ್ಮನಿಗೆ ಫೋನು ಮಾಡಿ ಕರೆಸಿದಳು. ಅವನು ಬಿಳೀ ಬೂಟಿನಲ್ಲಿ ನೀರಿನ ಗುಂಡಿಗಳನ್ನು ದಾಟಿಕೊಂಡು ಬಂದ. ಚಾಲಕನ ಸೀಟೊಂದನ್ನು ಮಾತ್ರ ಮತ್ತೆ ಒಳಗಿಟ್ಟು, ಕಾರ್ಪೆಟ್ಟನ್ನು ಹಾಗೇ ಬಿಟ್ಟಿದ್ದಳು.

"ಕೂತ್ಕೋ," ಅಂದಳು.

"ಯಾಕಕ್ಕ?"

"ಕೂತ್ಕೋ ಅಂದೆನಲ್ಲ."

ಅವನು ನಗುತ್ತ ಕೂತ. ಸೀಟಕ್ಕ ಬಾಗಿಲು ಹಾಕಿ ಬೆನ್ನು ಕೊಟ್ಟು ನಿಂತಳು. ಅವನು ಅರ್ಧ ನಿಮಿಷ ತಾಳಲಿಲ್ಲ. ಆ ಕಡೆಯ ಬಾಗಿಲಿನಿಂದ ಬಿದ್ದೂ ಎದ್ದೂ ಹೊರಗೆ ಬಂದು ಕರ್ಚೀಫು ಮೂಗಿಗೆ ಹಿಡಿದ. "ಏನಕ್ಕ ಇದು, ಹುಚ್ಚು ಹಿಡಿದಿದೆಯಾ ನಿನಗೆ?"

"ಆರು ತಿಂಗಳು ಒಬ್ಬಳು ಅದರಲ್ಲೇ ಕೂತಿದ್ದಾಳೆ. ತನ್ನ ಮೈಯೇ ನಾರುತ್ತೆ ಅಂದ್ಕೊಂಡಿದ್ದಾಳೆ. ಆ ಅಂಟು ಮೆತ್ತಿದ್ದು ಯಾರೋ?"

"ಓ, ಅದಾ!" ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. "ಎಲ್ಲರೂ ಮಾಡೋದೇ ಅಕ್ಕ. ಹಳೇ ಕಾರು ಅಂದ್ಮೇಲೆ ಒಂದು ಸ್ವಲ್ಪ ತೇಪೆ ಇದ್ದೇ ಇರುತ್ತೆ. ನೋಡಿ ತಗೋಬೇಕಾದದ್ದು ಅವಳು. ಸನ್‌ರೂಫ್ ಇದೆ ಅಂತ ಕುಣಿದುಕೊಂಡು ತಗೊಂಡಳು."

"ನೋಡೋಕೆ ಆಗದ ಹಾಗೆ ಮುಚ್ಚಿದ್ದೆವಲ್ಲೋ."

"ಮುಚ್ಚಿದ್ದು ನೀನು," ಅಂದ ತಮ್ಮ ತಣ್ಣಗೆ. "ಹೊಲಿಗೆ ನಿಂದೇ ತಾನೆ?"

ಅದು ನಿಜವಾಗಿದ್ದಕ್ಕೇ ಸೀಟಕ್ಕನಿಗೆ ಇನ್ನಷ್ಟು ಹೇಸಿಗೆಯಾಯಿತು. ಕಂಕುಳಲ್ಲಿ ಹೊತ್ತಿದ್ದ ಮಗುವಿನ ಮುಖ ಅವನಲ್ಲಿ ಹುಡುಕಿದಳು. ಬೂಟಿಗೆ ಕೆಸರು ತಾಗಿತಾ ಅಂತ ಬಗ್ಗಿ ನೋಡುತ್ತಿದ್ದ ಒಬ್ಬ ಬೊಜ್ಜಿನ ಗಂಡಸು ಕಂಡ.

"ಈ ಫೋಮಿನ ಒಂದು ತುದಿ ಹಿಡ್ಕೋ. ಹೊರಗೆ ಹಾಕೋಣ," ಅಂದಳು.

"ನಾನಾ? ಈ ಕೈಯಲ್ಲಾ?"

"ಗಾಜಾದರೂ ಹಾಕಿಸಿಕೊಡು."

"ವ್ಯಾಪಾರ ಮುಗೀತಲ್ಲ ಅಕ್ಕ," ಅಂದು ಅವನು ಗುಂಡಿಗಳನ್ನು ದಾಟಿಕೊಂಡು ಹೊರಟುಹೋದ.

ಫೋಮನ್ನು ಅವಳೊಬ್ಬಳೇ ಎಳೆದು ಹಾಕಿದಳು. ಸಂಜೆ ನರ್ಸು ಬಂದಾಗ ಸುಮ್ಮನೆ "ತೂತು ಕಟ್ಟಿಕೊಂಡಿತ್ತು" ಅಂದುಬಿಟ್ಟರೆ ಸಾಕಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಅವಳು ಆ ಮಾತನ್ನೇ ಶುರುಮಾಡಿದಳು. ನರ್ಸು ಕತ್ತರಿಸಿಕೊಂಡ ಕೂದಲನ್ನು ಕಿವಿಯ ಹಿಂದೆ ಸರಿಸುತ್ತ, "ಹಾಗಾದ್ರೆ ನಾನಲ್ಲ ಅಲ್ವಾ?" ಎಂದು ಇನ್ನೊಮ್ಮೆ ಕೇಳಿದಳು. ಸೀಟಕ್ಕನಿಗೆ ತಡೆಯಲಾಗಲಿಲ್ಲ.

"ನೀವಲ್ಲ ಸಿಸ್ಟರ್. ನಾನು. ನಿಮಗೆ ಕಾರು ಮಾರಿದವನು ನನ್ನ ತಮ್ಮ. ಕಲೆ ಕಾಣದ ಹಾಗೆ ಈ ಬಟ್ಟೆ ಹಾಕಿದವಳು ನಾನು. ಒಳಗೆ ಹಸಿ ಇದೆ ಅಂತ ಗೊತ್ತಿದ್ದೇ ಹಾಕಿದೆ."

ನರ್ಸು ಹೊರಗೆ ಹರಡಿದ್ದ ಫೋಮನ್ನು ನೋಡಿದಳು, ಹತ್ತಿರ ಹೋಗಿ ಬಗ್ಗಿ ನೋಡಿದಳು. ದಿನವೂ ಹುಣ್ಣು ತೊಳೆಯುವವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನನ್ನ ಮಗಳು ಹಿಂದಿನ ಸೀಟಲ್ಲಿ ಮಲಗ್ತಿದ್ದಳು," ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಸೀಟಕ್ಕನಿಗೆ ಅನಿಸಿತು. "ಸರಿ ಮಾಡೋಕೆ ಆಗುತ್ತಾ?"

"ಆಗುತ್ತೆ. ಎಂಟು ದಿನ ಕೊಡಿ."

ಆ ಎಂಟು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಗಾಜಿನವನನ್ನು ಕರೆಸಿ ಬಿರುಕಿನ ಗಾಜು ತೆಗೆಸಿ ಬೇರೆ ಕೂರಿಸಿದಳು, ಅದು ತನ್ನ ಖರ್ಚು ಅಂದಳು. ಸಿಲಿಕೋನನ್ನು ಮರದ ಚೂಪು ಕಡ್ಡಿಯಿಂದ ಚೂರುಚೂರಾಗಿ ಎಬ್ಬಿಸಿದಳು. ಪೈಪುಗಳಿಗೆ ದಪ್ಪ ನೈಲಾನ್ ದಾರ ತೂರಿಸಿ ಎಳೆದಾಗ ಕರೀ ಕೆಸರಿನ ಬತ್ತಿಗಳು ಹುಳುವಿನ ಹಾಗೆ ಉದ್ದಕ್ಕೆ ಹೊರಬಂದವು. ಫೋಮು, ಕಾರ್ಪೆಟ್ಟು ಎರಡನ್ನೂ ಎಸೆದು, ತಗಡನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ಬಾಗಿಲು ತೆರೆದಿಟ್ಟು ಬಿಸಿಲಿಗೆ ಒಣಗಿಸಿದಳು. ತಾನೇ ಹೊಲಿದಿದ್ದ ಒಳಬಟ್ಟೆಯನ್ನು ಹೊಲಿಗೆ ಬಿಚ್ಚುವ ತಾಳ್ಮೆಯಿಲ್ಲದೆ ಕತ್ತರಿಯಿಂದ ಕತ್ತರಿಸಿ ಹಾಕಿದಳು. ಫೋಮು, ಕಾರ್ಪೆಟ್ಟು, ಒಳಬಟ್ಟೆ ಎಲ್ಲ ಹೊಸದು ಹಾಕಿ ಸೀಟುಗಳನ್ನು ಮತ್ತೆ ಕೂರಿಸಿದಳು. ಕೊನೆಗೆ ನರ್ಸಿನ ಎದುರಿಗೇ ಸ್ಟೂಲು ಹತ್ತಿ, ಕಾಲುವೆಗೆ ಮಗ್ಗಿನಿಂದ ನೀರು ಸುರಿದಳು. ನಾಲ್ಕೂ ಮೂಲೆಯ ನೀರು ಕಾರಿನ ಕೆಳಗೆ ನೆಲಕ್ಕೆ ಬಿತ್ತು. ಒಳಗೆ ಒಂದು ಹನಿಯೂ ಇಲ್ಲ.

ನರ್ಸು ಒಳಗೆ ಕೂತು ಬಾಗಿಲು ಹಾಕಿಕೊಂಡಳು. ಎಲ್ಲ ಕಿಟಕಿಯನ್ನೂ ಏರಿಸಿ ಉಸಿರೆಳೆದಳು. ಆಮೇಲೆ ಕಿಟಕಿ ಇಳಿಸಿ, "ಕೆಲಸ ಚೆನ್ನಾಗಿದೆ. ಆದ್ರೆ ನಿಮ್ಮನ್ನ ಕ್ಷಮಿಸಿದ್ದೀನಿ ಅಂತ ಹೇಳೋಕೆ ನಂಗೆ ಬರೋಲ್ಲ ಅಕ್ಕ," ಅಂದಳು.

"ಹೇಳ್ಬೇಡಿ," ಅಂದಳು ಸೀಟಕ್ಕ.

ಅದಾದ ಮೇಲೆ ತಮ್ಮ ಎರಡು ಸಲ ಫೋನು ಮಾಡಿದ. "ಒಂದು ಕಾರಿದೆ ಅಕ್ಕ, ಬಟ್ಟೆ ಬದಲಾಯಿಸಬೇಕು." ಕಲೆ ಎಲ್ಲಿಂದ ಬಂತು ಅಂತ ಅವಳು ಕೇಳಿದಳು. ಎರಡು ಸಲವೂ ಅವನು ಆ ಕಾರು ತರಲಿಲ್ಲ. ಬೇರೆ ಬೀದಿಯಲ್ಲಿ ಕೇಳದೆ ಹೊಲಿಯುವವರು ಸಿಕ್ಕಿದ್ದರು. ಶೆಡ್ಡಿನಲ್ಲಿ ಕೆಲಸ ಅರ್ಧಕ್ಕೆ ಇಳಿಯಿತು. ಅವಳು ವ್ಯಾಯಾಮ ಶಾಲೆಯ ಬೆಂಚುಗಳಿಗೆ, ಹಲ್ಲಿನ ಡಾಕ್ಟರ ಕುರ್ಚಿಗೆ ರೆಕ್ಸಿನ್ ಹಾಕತೊಡಗಿದಳು. ತಿಂಗಳು ಕಳೆದರೂ ಊಟದ ನಡುವೆ ಆ ನಾತ ಎಲ್ಲಿಂದಲೋ ಬಂದು ಮೂಗಿಗೆ ಹೊಡೆದು, ಅವಳು ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು. ಗಂಡ ಎದ್ದು ಕಿಟಕಿ ತೆರೆಯುತ್ತಿದ್ದ.

ಸುದ್ದಿ ಅಮ್ಮನವರೆಗೂ ಹೋಯಿತು. "ತಮ್ಮನ ಹತ್ರ ಮಾತು ಬಿಟ್ಟೆಯಂತೆ?" ಎಂದು ಅಮ್ಮ ಫೋನಿನಲ್ಲಿ ಕಣ್ಣೀರು ಹಾಕಿದಳು. "ಅವನಿನ್ನೂ ಮಗು ಕಣೇ."

"ಐವತ್ತಕ್ಕೆ ಬಂದ ಮಗು," ಅಂದಳು ಸೀಟಕ್ಕ. "ಮಾತು ಬಿಟ್ಟಿಲ್ಲಮ್ಮ. ಅವನ ಕೆಲಸ ಬಿಟ್ಟೆ. ಮನೆಗೆ ಬಂದರೆ ಊಟ ಹಾಕ್ತೀನಿ, ಶೆಡ್ಡಿಗೆ ಬಂದರೆ ಹೊರಗೇ ನಿಲ್ಲಿಸ್ತೀನಿ."

ಅಮ್ಮನಿಗೆ ಅದು ಅರ್ಥವಾಗಲಿಲ್ಲ. ತಮ್ಮನಿಗೆ ಅರ್ಥವಾಗಿರಬೇಕು, ಅವನು ಮನೆಗೂ ಬರಲಿಲ್ಲ.