ಹನುಕ್ಕಾ ಪುಸ್ತಕದ ಕರಡಿಗಳು

"ಆಂಟೀ, ಇದರಲ್ಲಿ ಬರೀ ಕರಡಿಗಳೇ ಇವೆ. ನಮ್ಮಂಥ ಜನ ಎಲ್ಲಿ?" ಎಂದು ಐದು ವರ್ಷದ ಹ್ಯಾನಾ ಇಂಗ್ಲಿಷಿನಲ್ಲಿ ಕೇಳಿದಳು. ಪರದೇಶದ ಈ ಮಾಂಟ್ ಕಿಯಾರಾ ಬಡಾವಣೆಯ ನಮ್ಮ ಕಾಂಡೊ ಅಪಾರ್ಟ್‌ಮೆಂಟಿನಲ್ಲಿರುವ ಒಂದೇ ಒಂದು ಯಹೂದಿ ಮನೆಯ ಮಗು ಅವಳು. ಹನುಕ್ಕಾ ಎಂಬ ಅವಳ ದೀಪದ ಹಬ್ಬಕ್ಕೆಂದು ಇಲ್ಲಿನ ಮಕ್ಕಳ ಲೈಬ್ರರಿಗೆ ಒಂದು ಚಿತ್ರಪುಸ್ತಕ ತರಿಸಲು ನಾವು ಮೂವರು ಕನ್ನಡತಿಯರು ಸಮಿತಿಯನ್ನೇ ಮಾಡಿಕೊಂಡಿದ್ದೆವು.

ಫೋನಿನಲ್ಲೇ ಪುಸ್ತಕಗಳ ಪುಟ ತಿರುವಿದೆವು. "ಇದ್ರಲ್ಲಿ ಹಬ್ಬದ ಹಿಂದಿನ ಯುದ್ಧದ ಕಥೆ ಇದೆ ಕಣ್ರೀ, ಮಕ್ಕಳು ಹೆದರ್ಕೊಳ್ತಾರೆ" ಎಂದರು ಮೈಸೂರಿನ ಶೋಭಾ. ಅವರ ಮಗ ದಿನವೂ ಊಟದ ಜೊತೆಗೆ ಟ್ಯಾಬಿನಲ್ಲಿ ರಾಕ್ಷಸರ ತಲೆ ಉರುಳುವುದನ್ನು ನೋಡುತ್ತಾನೆ. ಇನ್ನೊಂದರಲ್ಲಿ ಹಬ್ಬಕ್ಕೆಂದು ಆಲೂಗಡ್ಡೆಯ ತಿಂಡಿ ಕರಿಯುತ್ತಿದ್ದರು. ಎಣ್ಣೆ ಜಾಸ್ತಿಯಾಯಿತೆಂದು ಉಡುಪಿಯ ಡಾಕ್ಟರಮ್ಮ ಅದನ್ನು ತಳ್ಳಿಹಾಕಿದರು, ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ಕಟ್ಟಿಸಿಕೊಂಡು ಬಂದ ಪರೋಟ ಮುರಿಯುತ್ತಲೇ. ಅಜ್ಜಿ, ಮೊಮ್ಮಗಳು ಕೂಡಿ ದೀಪ ಹಚ್ಚುವ ಪುಸ್ತಕವನ್ನು ಬೇಡವೆಂದವಳು ನಾನೇ. "ಥೇಟ್ ನಮ್ಮ ದೀಪಾವಳಿ ಥರಾನೇ ಇದೆ. ದೀಪಾವಳಿ ಪುಸ್ತಕ ಆಗ್ಲೇ ಇದೆಯಲ್ಲ?" ಎಂದಿದ್ದೆ. ಕೊನೆಗೆ ಯಾರ ತಕರಾರಿಗೂ ಸಿಗದ ಕರಡಿ ಸಂಸಾರ ಗೆದ್ದಿತು.

ಹ್ಯಾನಾ ಕೇಳಿದ ಮೇಲೆ ನಾಚಿಕೊಂಡು, ಆ ಅಜ್ಜಿಯ ಪುಸ್ತಕವನ್ನು ಲೈಬ್ರರಿಗೆ ನಾನೇ ತರಿಸಿಕೊಟ್ಟೆ. ಅದನ್ನು ಮನೆಗೆ ಒಯ್ದ ಹ್ಯಾನಾ ಇನ್ನೂ ವಾಪಸ್ ಕೊಟ್ಟಿಲ್ಲ. ಅಷ್ಟೆಲ್ಲ ಚರ್ಚೆ ಮಾಡಿದ ನಮ್ಮ ಮೂರು ಪದವೀಧರ ತಲೆಗಳಿಗೆ, ಆ ಮಗುವನ್ನೇ ಒಂದು ಮಾತು ಕೇಳೋಣ ಎಂಬುದು ಮಾತ್ರ ಹೊಳೆದಿರಲಿಲ್ಲ.