ಚಿಪ್ಸ್ ವಾಸನೆಯ ಕಾರು

ಆ ವರ್ಷ ನಮ್ಮೂರ ನಾಯಿಗಳೆಲ್ಲ ಇದ್ದಕ್ಕಿದ್ದಂತೆ ಯಾಕೆ ದಪ್ಪಗಾದವು ಎಂಬುದು ನನಗೆ ಹೊಳೆಯಲೇ ಇಲ್ಲ. ಹ್ಯಾಂಡೆಲ್ ಪ್ರಾಸರನ ಕುರಿ ಕಾಯುವ ನಾಯಿ ಗಾಳಿಯಂತೆ ಗುಡ್ಡ ಹತ್ತುತ್ತಿದ್ದದ್ದು, ಈಗ ನನ್ನ ಗ್ಯಾರೇಜಿನ ಮುಂದೆ ಹೊಟ್ಟೆ ಎಳೆದುಕೊಂಡು ಏದುಸಿರು ಬಿಡುತ್ತ ಹೋಗುತ್ತಿತ್ತು. ಪಾದ್ರಿಯ ಮನೆಯ ಪುಟ್ಟ ನಾಯಿ, ನಾವು ಪ್ರಾರ್ಥನೆಗೆ ಸೇರುವ ಚಾಪೆಲ್ಲಿನ ಮೆಟ್ಟಿಲು ಹತ್ತಲಾಗದೆ ಕೆಳಗೇ ಮಲಗಿಬಿಡುತ್ತಿತ್ತು. ಎಂಜಿನ್ನಿನ ಸದ್ದು ಕೇಳಿಯೇ ಅದರ ಹೊಟ್ಟೆನೋವು ಹೇಳುವವನು ನಾನು. ಯಾವ ಶಾಲೆಯೂ ಕಲಿಸಿದ್ದಲ್ಲ, ನನ್ನ ಈ ಕೈ, ಈ ಕಿವಿ, ಈ ಮೂಗು ಕಲಿಸಿದ್ದು. ಊರಲ್ಲಿ ನನ್ನನ್ನು ವಿಲ್ ಸ್ಪ್ಯಾನರ್ ಅಂತಲೇ ಕರೆಯುವುದು. ಅಂಥ ನಾನು ನಾಯಿಯ ಹೊಟ್ಟೆ ನೋಡಿ ಏನೂ ತಿಳಿಯದೆ ಹೋದೆನಲ್ಲ, ಅದನ್ನು ನೆನೆದರೆ ಈಗಲೂ ಕೆಟ್ಟದೆನಿಸುತ್ತದೆ.

ಹೇಳಬೇಕಾದದ್ದು ಎಲಿನೆಡ್ ಪ್ರೈಸಳ ಕಥೆ. ನಮ್ಮ ಕಣಿವೆಯಲ್ಲಿ ವಯಸ್ಸಾದ ಹೆಂಗಸನ್ನು ನೆಂಟಸ್ತಿಕೆ ಇರಲಿ ಬಿಡಲಿ, ಬೋಪಾ ಅನ್ನುತ್ತಾರೆ. ಅತ್ತೆ ಅಂದ ಹಾಗೆ. ಊರಿಗೆಲ್ಲ ಆಕೆ ಬೋಪಾ ಎಲಿನೆಡ್. ನನಗೆ ಮಾತ್ರ ಬರೀ ಎಲಿನೆಡ್, ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು ನಾವು. ಮೈಯೆಲ್ಲ ನೇರ ಕಡ್ಡಿ. ಸುಳ್ಳು ಹೇಳುವುದು ಆಕೆಗೆ ಬರುತ್ತಿರಲಿಲ್ಲ, ಬೇಡವೆಂದಲ್ಲ, ನಾಲಗೆಯೇ ಹೊರಳುತ್ತಿರಲಿಲ್ಲ. ಚಾಪೆಲ್ಲಿನಲ್ಲಿ ಪೀಠದ ಕೆಳಗೆ ಜನರಿಗೆ ಎದುರಾಗಿ ಹಿರಿಯರು ಕೂರುವ ದೊಡ್ಡ ಆಸನವಿದೆಯಲ್ಲ, ಅದರಲ್ಲಿ ಕೂತ ಮೊದಲ ಹೆಂಗಸು ಆಕೆ. ಕರಿದ ತಿಂಡಿ ಆಕೆಯ ಹೊಟ್ಟೆಗೆ ಆಗದು. ಹಾಗಾಗಿ ಮದುವೆಯಾದ ದಿನದಿಂದ ಆ ಮನೆಯ ಒಲೆಯ ಮೇಲೆ ಬಾಣಲೆ ಏರಿರಲಿಲ್ಲ.

ಗಂಡ ಎಮ್ರಿಸ್ ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಗಣಿ ಮುಚ್ಚಿತು, ಮುಂದೆ ಅವನ ನೆನಪೂ ಒಂದೊಂದಾಗಿ ಮುಚ್ಚಿಕೊಳ್ಳುತ್ತ ಬಂತು. ಹೆಂಡತಿಯ ಹೆಸರು ಹೋಯಿತು, ಮಾತು ಹೋಯಿತು. ಗುಡ್ಡದ ಆಚೆಯ ಆರೈಕೆಯ ಮನೆಯಲ್ಲಿ ಇಡಬೇಕಾಯಿತು. ಅಲ್ಲಿಯ ಯಾರ ಕೈಯಿಂದಲೂ ತಿನ್ನುತ್ತಿರಲಿಲ್ಲ. ಎಲಿನೆಡ್ ದಿನಾ ಸಂಜೆ ಹೋಗಿ ಗಂಜಿ ಚಮಚ ಬಾಯಿಗಿಟ್ಟರೆ ಮಾತ್ರ ನಾಲ್ಕು ಗುಟುಕು ಇಳಿಯುತ್ತಿತ್ತು. ಆ ದಾರಿಗೆ ಬಸ್ಸು ನಿಂತುಹೋಗಿತ್ತು. ಇದ್ದದ್ದು ಎಮ್ರಿಸನ ಹಳೇ ಡೀಸೆಲ್ ಕಾರು ಒಂದೇ. ದಿನಾ ಗುಡ್ಡ ಹತ್ತಿ ಇಳಿಯುವ ಡೀಸೆಲ್ಲಿಗೆ ಆಕೆಯ ಪಿಂಚಣಿ ಅರ್ಧ ತಿಂಗಳೂ ತಾಳುತ್ತಿರಲಿಲ್ಲ.

"ವಿಲ್, ಈ ಕಾರು ಬೇರೆ ಏನಾದ್ರೂ ಕುಡಿಯುತ್ತಾ?" ಎಂದು ಕೇಳಿಕೊಂಡು ಬಂದಳು.

"ಹಳೇ ಕಾಲದ ಎಂಜಿನ್ನು ಕಣೇ ಇದು, ಹಸು ಇದ್ದ ಹಾಗೆ. ಇಟ್ಟದ್ದು ತಿನ್ನುತ್ತೆ. ಆಲ್ಡೊ ಚಿಪ್ಸ್ ಕರಿದು ಚೆಲ್ಲೋ ಎಣ್ಣೆ ಹಾಕಿದ್ರೂ ಓಡುತ್ತೆ" ಅಂದೆ.

"ತಮಾಷೆ ಮಾಡ್ಬೇಡ."

"ನಾನು ಎಂಜಿನ್ ವಿಷಯದಲ್ಲಿ ತಮಾಷೆ ಮಾಡಿದ್ದು ಯಾವಾಗ ನೋಡಿದೀಯ?"

ಆಲ್ಡೊನ ಅಜ್ಜ ಇಟಲಿಯಿಂದ ಬಂದು ನಮ್ಮ ಬೀದಿಯಲ್ಲಿ ಅಂಗಡಿ ಇಟ್ಟವನು. ಬೆರಳುದ್ದ ಸೀಳಿದ ಆಲೂಗಡ್ಡೆಯನ್ನು ಬಿಸಿ ಎಣ್ಣೆಯಲ್ಲಿ ಕರಿದು, ಉಪ್ಪು ಉದುರಿಸಿ, ಊರೆಲ್ಲ ಸಾಲು ನಿಲ್ಲುವ ಶುಕ್ರವಾರ ಕರಿದ ಮೀನೂ ಜೊತೆಗಿಟ್ಟು, ಕಾಗದದಲ್ಲಿ ಸುತ್ತಿ ಕೊಡುತ್ತ ಮೂರು ತಲೆಮಾರು ಕಳೆದಿದೆ. ಕರಿದು ಉಳಿದ ಎಣ್ಣೆ ಡಬ್ಬ ಡಬ್ಬ ಸುಮ್ಮನೆ ಹೋಗುತ್ತಿತ್ತು. ಅದನ್ನು ತಂದು ವಾರಗಟ್ಟಲೆ ಕದಲಿಸದೆ ಇಟ್ಟೆ. ಗಷ್ಟು ತಳಕ್ಕಿಳಿದ ಮೇಲೆ ಮೇಲಿನದ್ದನ್ನು ಎಲಿನೆಡಳ ಹಳೇ ನೈಲಾನ್ ಕಾಲುಚೀಲದಲ್ಲಿ ಸೋಸಿದೆ. ಚಳಿಗೆ ಗಟ್ಟಿಯಾಗದ ಹಾಗೆ ಒಂದಿಷ್ಟು ಡೀಸೆಲ್ ಬೆರೆಸಿದೆ. ಕಾರು ಒಮ್ಮೆ ಕೆಮ್ಮಿತು, ಎರಡನೇ ಸಲ ಗುರ್ರೆಂದಿತು. ಸೈಲೆನ್ಸರಿನಿಂದ ಬಂದ ಹೊಗೆ ಮೂಗಿಗೆ ಬಡಿದಾಗ ಇಬ್ಬರೂ ಬೆಚ್ಚಿದೆವು. ಥೇಟ್ ಆಲ್ಡೊನ ಅಂಗಡಿಯ ಶುಕ್ರವಾರದ ವಾಸನೆ!

ಅಂದಿನಿಂದ ಆಕೆಯ ಕಾರು ಎಲ್ಲಿ ಹೋದರೂ ಊರಿಗೆ ಹಸಿವಾಗುತ್ತಿತ್ತು. ಆಕೆಯ ಕೋಟಿಗೂ ಆ ವಾಸನೆ ಹತ್ತಿತು. ಭಾನುವಾರ ಚಾಪೆಲ್ಲಿನ ಅಂಗಳ ಕರಿದೆಣ್ಣೆ ವಾಸನೆಯಿಂದ ತುಂಬಿ, ಉಪದೇಶ ಮುಗಿಯುವ ಹೊತ್ತಿಗೆ ಎಲ್ಲರ ಹೊಟ್ಟೆ ಚುರುಗುಟ್ಟುತ್ತಿತ್ತು. "ಬೋಪಾ, ನಿಮ್ಮ ಕಾರಿಗೆ ಮೀನು ಬೇರೆ ಹಾಕ್ತೀರಾ?" ಎಂದು ಹ್ಯಾಂಡೆಲ್ ರೇಗಿಸುತ್ತಿದ್ದ. ಹಿರಿಯರ ಆಸನದಲ್ಲಿ ಆಕೆಯ ಪಕ್ಕ ಕೂರುವವನು ಅವನು. ಆಕೆ ನಗುತ್ತಿದ್ದಳು. ಆದರೆ ಆರೈಕೆಯ ಮನೆಯಿಂದ ಬರುವಾಗ ಆ ನಗು ಇರುತ್ತಿರಲಿಲ್ಲ.

"ಈಗೀಗ ಚಮಚ ಕಂಡ್ರೆ ಮುಖ ತಿರುಗಿಸ್ತಾನೆ ವಿಲ್. ನನ್ನ ತೋಳು ಹಿಡ್ಕೊಂಡು ಮೂಸ್ತಾನೆ, ಚೀಲದೊಳಗೆ ಕೈ ಹಾಕ್ತಾನೆ, ಆಮೇಲೆ ನನ್ನನ್ನೇ ನೋಡ್ತಾನೆ. ಕಳ್ಳೀನ ನೋಡಿದ ಹಾಗೆ ನೋಡ್ತಾನೆ. ನಾನು ಯಾರು ಅಂತ ಪೂರ್ತಿ ಮರೆತಿರ್ಬೇಕು."

ಅಲ್ಲಿಯ ಮೇಲ್ವಿಚಾರಕಿ ಮೇಟ್ರನ್ ಕಡ್ಡಿ ಮುರಿದ ಹಾಗೆ ಹೇಳಿದ್ದಳಂತೆ, ತೂಕ ಇನ್ನೂ ಇಳಿದರೆ ದೊಡ್ಡಾಸ್ಪತ್ರೆಗೆ ಕಳಿಸಿ ಮೂಗಿಗೆ ನಳಿಗೆ ಹಾಕಿಸಬೇಕು ಅಂತ. ಅಂಥ ಮುದುಕರು ಅಲ್ಲಿಂದ ವಾಪಸು ಬರುವುದು ಕಡಿಮೆ.

ಎಂಜಿನ್ನು ಏರಿನಲ್ಲಿ ಟಕಟಕ ಅನ್ನುತ್ತಿದೆ ಎಂದಳೆಂದು ಒಂದು ಗುರುವಾರ ಸದ್ದು ಕೇಳಲು ಜೊತೆಗೆ ಹೋದೆ. ಕಣ್ಣಿಗೆ ಪೊರೆ ಬಂದ ಮೇಲೆ ನಾನೇ ಗಾಡಿ ಓಡಿಸುವುದು ಬಿಟ್ಟಿದ್ದೆ, ಪಕ್ಕದಲ್ಲಿ ಕೂತೆ. ಗುಡ್ಡದ ಬುಡದಲ್ಲಿ ರಸ್ತೆ ಪಕ್ಕ ಇಬ್ಬರು ಸರಕಾರಿ ಅಧಿಕಾರಿಗಳು ಕಾರುಗಳನ್ನು ನಿಲ್ಲಿಸುತ್ತಿದ್ದರು. ನಮ್ಮ ಮುಂದೆ ಹ್ಯಾಂಡೆಲನ ಕಾರಿತ್ತು. ಅವನು ಕಿಟಕಿಯಿಂದ ಚಿಪ್ಸ್ ಪೊಟ್ಟಣ ಎತ್ತಿ ತೋರಿಸಿದ. ಅವರು ನಕ್ಕು ಮುಂದೆ ಹೋಗಲು ಬಿಟ್ಟರು. ಪಿತ್ತಕೋಶದ ಕಲ್ಲಿದೆ, ಕರಿದದ್ದು ಮುಟ್ಟಬೇಡ ಎಂದು ವೈದ್ಯರು ಹೇಳಿದ ಈ ಗಂಡಸಿಗೆ ಚಿಪ್ಸ್ ಯಾಕಪ್ಪ ಅಂದುಕೊಂಡೆ. ಅಷ್ಟೇ.

ನಮ್ಮ ಸರದಿ ಬಂತು. ಒಬ್ಬ ಯುವಕ ಹಿಂದೆ ಹೋಗಿ, ಮಂಡಿಯೂರಿ, ಸೈಲೆನ್ಸರ್ ಕೊಳವೆಗೆ ಮೂಗು ಹಿಡಿದ. ನಾನು ಹೌಹಾರಿದೆ. ನನ್ನ ಜೀವಮಾನದಲ್ಲಿ ಕಾರಿನ ಹಿಂಭಾಗ ಮೂಸುವ ಅಧಿಕಾರಿಯನ್ನು ಕಂಡದ್ದು ಅದೇ ಮೊದಲು.

"ಅಮ್ಮಾ, ಕಾರಲ್ಲಿ ಚಿಪ್ಸ್ ಇದೆಯಾ?" ಅಂದ.

"ಇಲ್ಲಪ್ಪ. ನಂಗೆ ಕರಿದದ್ದು ಆಗಲ್ಲ."

"ಮತ್ತೆ ಈ ವಾಸನೆ?"

"ಅದು ಕಾರಿಂದು" ಅಂದಳು, ಹವಾಮಾನ ಹೇಳಿದಷ್ಟು ಸಲೀಸಾಗಿ.

ನಾನಾದರೂ ಸುಮ್ಮನಿರಬಾರದೇ? ಎದೆ ಉಬ್ಬಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದೆ. "ನಾನೇ ಮಾಡಿಕೊಟ್ಟದ್ದು ಸ್ವಾಮಿ. ಆಲ್ಡೊನ ಎಣ್ಣೆ. ಕಾಲುಚೀಲದಲ್ಲಿ ಎರಡು ಸಲ ಸೋಸೀನಿ, ಒಂದು ಕಸ ಸಿಕ್ಕಿದ್ರೆ ಕೇಳಿ!"

ಆ ಹುಡುಗ ಅದನ್ನೂ ಬರೆದುಕೊಂಡ. ಆಮೇಲೆ ತಲೆ ಕೆರೆದುಕೊಂಡು ಹೇಳಿದ. ರಸ್ತೆಯ ಮೇಲೆ ಓಡುವ ಗಾಡಿಯ ಇಂಧನಕ್ಕೆ ಸುಂಕ ಉಂಟು. ಬಾಣಲೆಯಲ್ಲಿದ್ದಾಗ ಅದು ಎಣ್ಣೆ, ಟ್ಯಾಂಕಿಗೆ ಬಿದ್ದ ಗಳಿಗೆ ಇಂಧನ. ಸುಂಕ ಕಟ್ಟದೆ ಓಡಿಸಿದ್ದು ಅಪರಾಧ. ಕಾರನ್ನು ವಶಕ್ಕೆ ತೆಗೆದುಕೊಳ್ಳಬೇಕು.

ನಾನು ತಲೆ ಒಳಗೆಳೆದುಕೊಂಡೆ. ಎಲಿನೆಡ್ ಸ್ಟೀರಿಂಗಿನಿಂದ ಕೈ ತೆಗೆದಳು. "ಅಂದ್ರೆ ನಾನು ಕಳ್ಳತನ ಮಾಡ್ದೆ" ಅಂದಳು. "ಅಮ್ಮಾ, ಗೊತ್ತಿಲ್ದೆ ಆಗಿದೆ, ದಂಡ ಕಟ್ಟಿದ್ರೆ..." ಎಂದು ಹುಡುಗ ತೊದಲಿದ. ಆಕೆ ಕೇಳಿಸಿಕೊಳ್ಳಲಿಲ್ಲ. ಲಾರಿ ಬಂತು. ಎಮ್ರಿಸನ ಕಾರು ಮೂತಿ ಮೇಲೆತ್ತಿಕೊಂಡು ಅದರ ಹಿಂದೆ ತೂಗಾಡುತ್ತ ಹೋದದ್ದನ್ನು ನೋಡುತ್ತ ರಸ್ತೆ ಬದಿಯಲ್ಲಿ ಇಬ್ಬರು ಮುದುಕರು ಗರ ಬಡಿದವರಂತೆ ನಿಂತೆವು. ಆ ಸಂಜೆ ಎಮ್ರಿಸ್ ಉಪವಾಸ.

ಮನೆಗೆ ಬಂದು ಆಕೆ ಮೊದಲು ಮಾಡಿದ ಕೆಲಸ ಕೋಟು ಒಗೆದದ್ದು. ಪಾಪದ ವಾಸನೆ ಹೋಗಲಿ ಎಂದು ಸೋಪಿನಲ್ಲಿ ತಿಕ್ಕಿ ತಿಕ್ಕಿ ಒಗೆದಳು. ಮರುದಿನ ಒಲೆಯ ಮುಂದೆ ಒಣಗಿಸಿ ತೊಟ್ಟು, ಬಾಡಿಗೆ ಟ್ಯಾಕ್ಸಿಯಲ್ಲಿ ಹೋದಳು. ಅಲ್ಲಿಂದ ನೇರ ನನ್ನ ಗ್ಯಾರೇಜಿಗೆ ಬಂದಳು.

"ತೋಳು ಮೂಸಿದ. ಕೈ ಬಿಟ್ಟ. ಗೋಡೆ ಕಡೆ ತಿರುಗಿ ಮಲಗ್ದ. ಒಂದು ಹನೀನೂ ಇಳೀಲಿಲ್ಲ ವಿಲ್. ಸೋಮವಾರ ಸಂಜೆವರೆಗೂ ನೋಡ್ತಾರಂತೆ. ಆಮೇಲೆ ಆಸ್ಪತ್ರೆ."

"ದಿನಾ ಟ್ಯಾಕ್ಸಿಗೆ ನಾವೆಲ್ಲ ಸೇರಿ ಏನಾದ್ರೂ..."

"ಸುಂಕ ಕದ್ದವಳಿಗೆ ಊರೋರು ಯಾಕೆ ಕೊಡ್ಬೇಕು? ಮೊದಲು ಊರಿಗೆ ಹೇಳ್ತೀನಿ. ಆಮೇಲೆ ಯಾರಾದ್ರೂ ಕೊಟ್ರೆ ಕೊಡ್ಲಿ."

ಭಾನುವಾರ ಬೇಗನೇ ಚಾಪೆಲ್ಲಿಗೆ ಹೋದೆ. ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಚಿಪ್ಸ್ ವಾಸನೆ! ಎಲಿನೆಡಳ ಕಾರು ಪಟ್ಟಣದ ಸರಕಾರಿ ಅಂಗಳದಲ್ಲಿ ಬೀಗದೊಳಗಿದೆ. ಆಕೆ ನಡೆದು ಬಂದಿದ್ದಾಳೆ. ಮತ್ತೆ ಇದೆಲ್ಲಿಂದ? ನನ್ನ ಮೂಗಿಗೇ ಭ್ರಮೆ ಹಿಡಿಯಿತೋ ಎಂದು ಗಾಬರಿಯಾಗಿ ಕರವಸ್ತ್ರದಲ್ಲಿ ಒರೆಸಿ ಮತ್ತೆ ಮೂಸಿದೆ. ಮೊದಲಿಗಿಂತ ಜೋರಾಗಿ ಬಂತು.

ಕೀರ್ತನೆ ಮುಗಿಯಿತು. ಎಲಿನೆಡ್ ದೊಡ್ಡ ಆಸನದಿಂದ ಎದ್ದು ನಿಂತಳು.

"ನಾನು ಸರಕಾರಕ್ಕೆ ಮೋಸ ಮಾಡಿದೀನಿ. ಗೊತ್ತಿರ್ಲಿಲ್ಲ, ಆದ್ರೂ ಮಾಡಿದೀನಿ. ಈ ಜಾಗದಲ್ಲಿ ಕೂರೋ ಯೋಗ್ಯತೆ ನಂಗಿಲ್ಲ. ನನ್ನ ಗಂಡನ್ನ ನೋಡೋಕೆ ಹೋಗೋ ದಾರಿ ಮುಚ್ಚಿದೆ. ಯಾರಾದ್ರೂ ಕರ್ಕೊಂಡು ಹೋಗೋರಿದ್ರೆ, ನಾನು ಏನು ಮಾಡಿದೀನಿ ಅಂತ ತಿಳ್ಕೊಂಡು ಕರ್ಕೊಂಡು ಹೋಗಿ."

ಹೇಳಿ, ಇಳಿದು ಬಂದು, ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಳು.

ನಾನು ಸಿಟ್ಟಿನಿಂದ ಸುತ್ತ ನೋಡಿದೆ. ಇಷ್ಟೊಂದು ಕಾರಿರುವ ಊರಲ್ಲಿ ಒಬ್ಬನಾದರೂ ಬಾಯಿ ಬಿಡಬಾರದೇ? ಎಲ್ಲರೂ ತಮ್ಮ ತಮ್ಮ ಬೂಟು ನೋಡುತ್ತಿದ್ದರು. ಕೊನೆಗೆ ಹ್ಯಾಂಡೆಲ್ ಎದ್ದ. ಅವನ ಮುಖ ಬೀಟ್‌ರೂಟಿನ ಹಾಗಾಗಿತ್ತು.

"ಬೋಪಾ, ವಾಪಸ್ ಬಂದು ಕೂತ್ಕೊಳ್ಳಿ. ನೀವು ಎದ್ರೆ ನಾನೂ ಏಳ್ಬೇಕಾಗುತ್ತೆ."

"ನೀನ್ಯಾಕಪ್ಪ?"

"ನನ್ನ ಕಾರೂ ಆಲ್ಡೊನ ಎಣ್ಣೇಲೇ ಓಡ್ತಿರೋದು."

ಅವನ ಹಿಂದೆ ಅಂಚೆಯವನ ಹೆಂಡತಿ ಎದ್ದಳು. ಅವಳ ಹಿಂದೆ ಇಬ್ಬರು ಅಣ್ಣತಮ್ಮಂದಿರು. ಒಂದು ಸಾಲಿಗೆ ಸಾಲೇ ಎದ್ದಾಗ ನಾನು ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಗ್ಯಾರೇಜಿನ ಕಿಟಕಿಯಲ್ಲಿ ಇಣುಕಿ, ಎಲಿನೆಡಳಿಗೆ ಮಾಡಿದ್ದನ್ನು ಕದ್ದು ಕಲಿತು, ತಂತಮ್ಮ ಹಿತ್ತಲಲ್ಲಿ ಕಾಲುಚೀಲ ಕಟ್ಟಿ ಸೋಸಿಕೊಂಡಿದ್ದರು ಎಲ್ಲ! ಅಧಿಕಾರಿಗಳು ಮೂಸುತ್ತ ತಿರುಗುತ್ತಿದ್ದಾರೆ ಎಂಬ ಸುದ್ದಿ ಬಂದಾಗ, ತಮ್ಮ ಗುಟ್ಟು ಬಯಲಾದೀತೆಂದು ನಮ್ಮಿಬ್ಬರಿಗೆ ಮಾತ್ರ ಹೇಳದೆ, ಪ್ರತಿಯೊಬ್ಬರೂ ಒಂದೊಂದು ಚಿಪ್ಸ್ ಪೊಟ್ಟಣ ಕೊಂಡು ಸ್ಟೀರಿಂಗಿನ ಮುಂದೆ ಇಟ್ಟುಕೊಂಡು ಓಡಾಡತೊಡಗಿದ್ದರು. ಯಾರಾದರೂ ಕೇಳಿದರೆ ತೋರಿಸಲು. ದಿನಾ ಹೊಸ ಪೊಟ್ಟಣ. ಹಳೆಯದು ನಾಯಿಗೆ.

ನಾಯಿಗೆ! ಆಗ ನನ್ನ ತಲೆಯೊಳಗೆ ಫಕ್ಕನೆ ದೀಪ ಹತ್ತಿತು. ಆ ಹೊಟ್ಟೆಗಳು! ನಾನು ಪೀಠದ ಮೇಲೆ ನಿಂತ ಪಾದ್ರಿ ಗೆಥಿನರ ಕಡೆ ತಿರುಗಿದೆ.

"ಪಾದ್ರಿಗಳೇ, ನಿಮ್ಮ ನಾಯಿನೂ ದಪ್ಪಗಿದೆಯಲ್ಲ!"

ಗೆಥಿನ್ ಗಂಟಲು ಸರಿಮಾಡಿಕೊಂಡರು. "ಪ್ರಾರ್ಥನೆ ಮಾಡೋಣ" ಅಂದರು.

ಬೆಳಗಾದ ಮೇಲೆ ನನ್ನ ಗ್ಯಾರೇಜಿನ ಮುಂದೆ ಟ್ಯಾಂಕು ಖಾಲಿ ಮಾಡಿಸುವವರ ಸಾಲು ನಿಂತಿತು. ಪಾದ್ರಿಯೇ ಎಲ್ಲರ ಪರವಾಗಿ ಸುಂಕದ ಕಚೇರಿಗೆ ಹೋಗಿ ತಪ್ಪೊಪ್ಪಿಕೊಂಡು ಬರುವುದೆಂದಾಯಿತು. ಸರದಿಯ ಮೇಲೆ ಎಲಿನೆಡಳನ್ನು ಗುಡ್ಡ ದಾಟಿಸುವುದೆಂದೂ ಆಯಿತು. ಮೊದಲ ವಾರದ ಸರದಿ ಹ್ಯಾಂಡೆಲನದು. ನಾನೂ ಹಿಂದಿನ ಸೀಟಿನಲ್ಲಿ ಹತ್ತಿದೆ. ಬಂಕಿನ ಡೀಸೆಲ್ ತುಂಬಿದ ಕಾರಿಗೆ ಯಾವ ವಾಸನೆಯೂ ಇರಬಾರದು, ಆದರೂ ಇತ್ತು. ಸ್ಟೀರಿಂಗಿನ ಮುಂದೆ ಬಿಸಿ ಬಿಸಿ ಪೊಟ್ಟಣ.

"ಇನ್ನೂ ಇದ್ಯಾಕೋ?" ಅಂದಳು ಎಲಿನೆಡ್.

"ಕೈ ಕೇಳಲ್ಲ ಬೋಪಾ. ಆಲ್ಡೊನ ಅಂಗಡಿ ಬಂದ್ರೆ ಕಾರು ತಾನೇ ನಿಲ್ಲುತ್ತೆ."

ಅದನ್ನು ಕಾರಲ್ಲಿ ಬಿಟ್ಟರೆ ಸೀಟಿಗೆ ಜಿಡ್ಡು ಹತ್ತುತ್ತದೆಂದು ಆಕೆಯೇ ಕೈಯಲ್ಲಿ ಹಿಡಿದುಕೊಂಡು ಒಳಗೆ ನಡೆದಳು. ಎಮ್ರಿಸ್ ಗೋಡೆಗೆ ಮುಖ ಮಾಡಿ ಮಲಗಿದ್ದ, ಹೊದಿಕೆಯ ಕೆಳಗೆ ಮೂಳೆ ಎಣಿಸಬಹುದಿತ್ತು. ಮೇಟ್ರನ್ ಗಂಜಿ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಮುಖದಲ್ಲೇ ಆಸ್ಪತ್ರೆ ಬರೆದಿತ್ತು.

ಮೊದಲು ಅಲುಗಿದ್ದು ಅವನ ಮೂಗು. ಆಮೇಲೆ ತಲೆ ತಿರುಗಿತು. ಕಣ್ಣು ಆಕೆಯ ಮುಖ ಬಿಟ್ಟು, ಕೋಟು ಬಿಟ್ಟು, ನೆಟ್ಟಗೆ ಪೊಟ್ಟಣದ ಮೇಲೆ ನಿಂತಿತು. ತಿಂಗಳುಗಟ್ಟಲೆ ಒಂದು ಚಮಚ ಎತ್ತದಿದ್ದ ಕೈ ಚಾಚಿ ಬಂತು, ಪೊಟ್ಟಣ ಕಿತ್ತುಕೊಂಡಿತು, ಕಾಗದ ಹರಿಯಿತು. ಒಂದು ಚಿಪ್ಸ್ ಬಾಯಿಗೆ ಹೋಯಿತು. ಇನ್ನೊಂದು. ಮತ್ತೊಂದು. ಮೇಟ್ರನ್ ಬಟ್ಟಲನ್ನು ಮೇಜಿನ ಮೇಲಿಡಲು ಹೋಗಿ ಗಾಳಿಯಲ್ಲೇ ಬಿಟ್ಟಳು, ಗಂಜಿ ನೆಲದ ಪಾಲಾಯಿತು. ಯಾರೂ ಬಗ್ಗಿ ನೋಡಲಿಲ್ಲ.

ಎಮ್ರಿಸ್ ಬೆರಳು ಚೀಪಿದ. ಎಲಿನೆಡಳ ಕಡೆ ನೋಡಿದ.

"ಉಪ್ಪು ಸಾಲ್ದು" ಅಂದ.

ನಾನು ಪಕ್ಕದ ಹಾಸಿಗೆಯ ಮೇಲೆ ಕೂತುಬಿಟ್ಟೆ. ಅಷ್ಟು ದಿನ ಈ ಮನುಷ್ಯ ಹೆಂಡತಿಯನ್ನು ಮರೆತು ಮುಖ ತಿರುಗಿಸಿದ್ದಲ್ಲ. ದಿನಾ ಸಂಜೆ ಚಿಪ್ಸ್ ವಾಸನೆ ಹೊತ್ತು ಬಂದು, ಚೀಲದಿಂದ ಗಂಜಿ ತೆಗೆಯುತ್ತಿದ್ದಳಲ್ಲ, ಅದಕ್ಕೆ ಮುನಿಸಿಕೊಂಡಿದ್ದ.

ಎಲಿನೆಡ್ ಇನ್ನೂ ಪೊಟ್ಟಣ ಹಿಡಿದಿದ್ದ ಭಂಗಿಯಲ್ಲೇ ನಿಂತಿದ್ದಳು. ಸುಂಕದವರ ಮುಂದೆಯೂ ಅಷ್ಟು ಬೆಳ್ಳಗಾಗಿರಲಿಲ್ಲ. ಮೆಲ್ಲಗೆ ನನ್ನ ಕಡೆ ತಿರುಗಿದಳು.

"ವಿಲ್. ನಮ್ಮನೇಲಿ ಯಾವತ್ತೂ ಇದು ಮಾಡಿಲ್ಲ. ಇವನಿಗೆ ಉಪ್ಪು ಎಷ್ಟಿರ್ಬೇಕು ಅಂತ ಹೇಗೆ ಗೊತ್ತು?"

ನಾನು ಕಿಟಕಿಯ ಹೊರಗೆ ಗುಡ್ಡ ನೋಡಿದೆ.

"ವಿಲ್!"

"ಶುಕ್ರವಾರ ಶುಕ್ರವಾರ... ಆಲ್ಡೊನ ಗೋಡೆಗೆ ಒರಗಿ ನಿಂತು... ಬಾಯಿ ಒರೆಸ್ಕೊಂಡು ಮನೆಗೆ ಬರ್ತಿದ್ದ."

"ಯಾವಾಗಿಂದ?"

"ನಿಮ್ಮ ಮದುವೆ ಆದ ವಾರದಿಂದ ಕಣೇ."

ಎಮ್ರಿಸ್ ಮಾತ್ರ ಕಾಗದದ ಮೂಲೆ ಹುಡುಕುತ್ತ ಪುಡಿ ಆಯುತ್ತಿದ್ದ. ಆಕೆ ಹಾಸಿಗೆಯ ಅಂಚಿಗೆ ಕೂತು, ಅವನ ಗದ್ದಕ್ಕೆ ಹತ್ತಿದ ಜಿಡ್ಡನ್ನು ಒಗೆದ ಕೋಟಿನ ತೋಳಿನಿಂದಲೇ ಒರೆಸಿದಳು.

ಬಾಗಿಲಲ್ಲಿ ನಿಂತ ಹ್ಯಾಂಡೆಲನಿಗೆ ಬೆನ್ನು ತಿರುಗಿಸಿಕೊಂಡೇ ಹೇಳಿದಳು:

"ನಾಳೆ ಬರೋವಾಗ ಉಪ್ಪು ಜಾಸ್ತಿ ಹಾಕಿಸ್ಕೊಂಡು ಬಾರೋ."