ಪಾಲು ಒಂದೇ, ಕಣ ಬೇರೆ

ಸಿರ್ಕಾ ಎಂಬ ವಿನೆಗರಿನ ಹುಳಿಯಲ್ಲೂ ದ್ರಾಕ್ಷಿಯ ಸಕ್ಕರೆಯಲ್ಲೂ ಇಂಗಾಲ, ಜಲಜನಕ, ಆಮ್ಲಜನಕಗಳ ಪಾಲು ಒಂದೇ. ಹಾಗಾದರೆ ಎರಡೂ ಒಂದೇ ವಸ್ತುವೇ ಎಂದು ಮುಂಬಯಿಯ ವೈದ್ಯಕೀಯ ಕಾಲೇಜಿನಲ್ಲಿ ರಸಾಯನದ ಗುರುಗಳು ಕೇಳಿದರು. ನಾನು ಹೌದೆಂದೆ. ತರಗತಿ ನಕ್ಕಿತು.

ನನಗೆ ಹಾಗೆ ತೋಚಿದ್ದು ಗಜೇಂದ್ರಗಡದ ನಮ್ಮ ನೇಕಾರರ ರೂಢಿಯಿಂದ. ಸಾಹುಕಾರ ನೂಲು ತೂಗಿ ಕೊಡುತ್ತಿದ್ದ, ಸೀರೆ ತೂಗಿ ಒಯ್ಯುತ್ತಿದ್ದ. ಕೆಂಪು ಇಷ್ಟು, ಬಿಳಿ ಇಷ್ಟು. ತೂಕ ಕೂಡಿದರೆ ಮಾತು ಮುಗಿಯಿತು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ರಜೆಯ ನಂತರದ ಮೌಖಿಕ ಪರೀಕ್ಷೆಯಲ್ಲೂ ತಪ್ಪಿದರೆ ಹೆಸರು ತೆಗೆಯುವುದಾಗಿ ಗುರುಗಳು ಹೇಳಿ ಕಳಿಸಿದರು.

ನರಗುಂದ, ರೋಣ ದಾಟಿ ಎತ್ತಿನ ಗಾಡಿಯಲ್ಲಿ ಊರಿಗೆ ಬಂದೆ. ಪಾಸಾಗದಿದ್ದರೆ ಮಗ್ಗವೊಂದು ಖಾಲಿಯಿದೆ ಎಂದಷ್ಟೇ ಅಪ್ಪ ಹೇಳಿದ. ತರಗತಿಯಲ್ಲಿ ಆದದ್ದನ್ನು ಕೇಳಿ ಅತ್ತಿಗೆ ಛೇಡಿಸದೆ ಬಿಡಲಿಲ್ಲ.

"ಏನ್ರೀ ಮೈದುನರ, ಮುಂಬೈಗೆ ಹೋದಮ್ಯಾಲ ಹುಳಿ ಯಾವುದು, ಸಿಹಿ ಯಾವುದು ಅನ್ನೂದೂ ಮರ್ತೀರೇನು?"

"ನಾಲಿಗಿಗೆ ಗೊತ್ತೈತ್ರಿ ಅತ್ತಿಗಿ. ಲೆಕ್ಕಕ್ಕ ಯಾಕ ಗೊತ್ತಾಗವಲ್ದು, ಅದು ತಿಳೀಬೇಕು. ತಿಳಿಯೂತನಾ ನಾ ಬಿಡಂಗಿಲ್ಲ."

ಆ ಖಾಲಿ ಮಗ್ಗಕ್ಕೇ ಕೂತೆ. ಉದ್ದೆಳೆಗಳನ್ನು ಒಂದು ಬದಿಗೆ ಎರಡು ಕೆಂಪು, ಒಂದು ಬಿಳಿಯಂತೆ ಹೂಡಿದೆ. ಇನ್ನೊಂದು ಬದಿಗೆ ಆರು ಕೆಂಪು, ಮೂರು ಬಿಳಿ. ನೆಯ್ದಾಗ ಮೊದಲನೆಯದು ದೂರದಿಂದ ಬರೀ ತಿಳಿಗೆಂಪು. ಎರಡನೆಯದರಲ್ಲಿ ಪಟ್ಟೆ ಎದ್ದು ಕಂಡಿತು. ಉದ್ದೆಳೆ ಬಿಚ್ಚಿ ತೂಗಿದರೆ ಬಣ್ಣದ ಪಾಲು ಎರಡಕ್ಕೂ ಒಂದೇ.

ಆಗ ಗಂಟು ಬಿಚ್ಚಿತು. ತೂಕ ಹೇಳುವುದು ಪಾಲನ್ನು ಮಾತ್ರ; ಅದು ಸರಳ ಸೂತ್ರ. ಒಂದು ಕಣದೊಳಗೆ ಆ ಪಾಲು ಎಷ್ಟು ಸಲ ಕೂಡಿದೆ ಎಂಬುದು ಅಣುಸೂತ್ರ. ಅದಕ್ಕೆ ಇಡೀ ಕಣದ ಭಾರ ತಿಳಿಯಬೇಕು. ಸಮ ಅಳತೆಯ ಆವಿಗಳಲ್ಲಿ ಕಣಗಳ ಎಣಿಕೆ ಸಮ, ಆದ್ದರಿಂದ ಆವಿಯ ತೂಕವೇ ಕಣದ ಭಾರ ಹೇಳುತ್ತದೆ. ಪುಸ್ತಕದಲ್ಲಿ ಆವಿ ತೂಗುವ ಅಧ್ಯಾಯ ಯಾಕಿದೆ ಎಂಬುದೂ ಅಂದೇ ಅರ್ಥವಾದದ್ದು. ಉಳಿದ ರಜೆಯೆಲ್ಲ ಅದನ್ನೇ ಓದಿದೆ.

ಪರೀಕ್ಷೆಯಲ್ಲಿ ಗುರುಗಳು ಅದೇ ಪ್ರಶ್ನೆ ಹಾಕಿದರು. ಎರಡೂ ಬೇರೆ, ಸಕ್ಕರೆಯ ಕಣ ಹುಳಿಯ ಕಣಕ್ಕಿಂತ ಮೂರು ಪಟ್ಟು ಭಾರ ಎಂದೆ. ಹೇಗೆ ತಿಳಿಯಿತು ಎಂದರು. ಹುಳಿಯನ್ನು ಆವಿ ಮಾಡಿ ತೂಗಬಹುದು ಎಂದೆ. ಸಕ್ಕರೆಯನ್ನೂ ಹಾಗೇ ತೂಗುತ್ತೀಯೇನು ಎಂದು ಕೆಣಕಿದರು. ನನಗಿಂತ ಮೊದಲು ಹೋದವರು ಹೌದೆಂದು ಅಲ್ಲೇ ಜಾರಿದ್ದರು. ಸಕ್ಕರೆ ಆವಿಯಾಗುವ ಮೊದಲೇ ಕರಕಾಗುತ್ತದೆ, ಭಾರ ಗೊತ್ತಿರುವ ಬೇರೆ ವಸ್ತುವಿನೊಡನೆ ಕೂಡಿಸಿ, ಆ ವಸ್ತುವನ್ನು ಸಕ್ಕರೆ ಎಷ್ಟು ಹಿಡಿಯುತ್ತದೆಂದು ತೂಗಿ ಕಣದ ಭಾರ ಲೆಕ್ಕ ಹಾಕಬೇಕು ಎಂದೆ.

ಅವರು ಹೊಗಳಲಿಲ್ಲ. ಮುಂದಿನವನನ್ನು ಕರೆಯಿರಿ ಎಂದರು. ನನ್ನ ಹೆಸರು ಉಳಿಯಿತು. ಪದವಿ ಬರಲು ಮತ್ತೂ ವರ್ಷಗಳು ಹಿಡಿದವು. ಬಂದದ್ದು ಯಾರ ದಯೆಯಿಂದಲೂ ಅಲ್ಲ.